ಬೆರಳು ಕಣ್ಣಾದ ಕಥೆ

ಕಚೇರಿಯ ವಿದ್ಯೆಗಳಲ್ಲಿ ಬೆರಳಚ್ಚಿನಷ್ಟು ಬೇಡಿಕೆ ಪಡೆದು ಅದರಷ್ಟೇ ಅಲಕ್ಷ್ಯಕ್ಕೆ ಗುರಿಯಾದದ್ದು ಬೇರೊಂದಿಲ್ಲ. ಕಾಗದದ ಕೆಳಗೆ ಸಾಹೇಬರ ರುಜು ಮೆರೆಯುತ್ತದೆ. ಅದನ್ನು ಹೊಡೆದವರ ಗುರುತು ಮೂಲೆಯ ಎರಡು ಇನಿಷಿಯಲ್ಲುಗಳಲ್ಲಿ ಮುಗಿಯುತ್ತದೆ. ಆದರೂ ಈ ವಿದ್ಯೆಗೊಂದು ಇತಿಹಾಸವುಂಟು. ವೇಗ ಹೆಚ್ಚಬೇಕು, ತಪ್ಪು ತಗ್ಗಬೇಕು ಎಂದು ಇಂದು ಗಣಕದ ಮುಂದೆ ಕುಳಿತು ತವಕಪಡುವವರು ಅದನ್ನು ಅರಿತರೆ ನಷ್ಟವಿಲ್ಲವೆಂದು ನನ್ನ ನಂಬಿಕೆ.

ಅಮೆರಿಕದ ಮಿಲ್ವಾಕಿ ಪಟ್ಟಣದ ಕ್ರಿಸ್ಟೋಫರ್ ಲೇಥಮ್ ಶೋಲ್ಸ್ ಪತ್ರಿಕಾ ಸಂಪಾದಕನಾಗಿದ್ದವನು. ಗೆಳೆಯರಿಬ್ಬರೊಡನೆ ಸೇರಿ 1868ರಲ್ಲಿ ಬರೆಯುವ ಯಂತ್ರಕ್ಕೆ ಪೇಟೆಂಟು ಪಡೆದ. ಅದನ್ನು ತಯಾರಿಸಲು 1873ರಲ್ಲಿ ಒಪ್ಪಿಕೊಂಡದ್ದು ಬಂದೂಕು ಮಾಡುತ್ತಿದ್ದ ರೆಮಿಂಗ್ಟನ್ ಕಂಪನಿ. ಮೊದಲ ಯಂತ್ರದಲ್ಲಿ ದೊಡ್ಡಕ್ಷರಗಳು ಮಾತ್ರ ಇದ್ದವು. ಸಣ್ಣಕ್ಷರಗಳು 1878ರ ಮಾದರಿಯಲ್ಲಿ ಷಿಫ್ಟ್ ಕೀಲಿಯೊಡನೆ ಬಂದವು. ಅಚ್ಚುಕೋಲುಗಳು ಉರುಳೆಯ ಅಡಿಯಿಂದ ಬಡಿಯುತ್ತಿದ್ದುದರಿಂದ ಹೊಡೆದದ್ದು ಕೂಡಲೇ ಕಣ್ಣಿಗೆ ಬೀಳುತ್ತಿರಲಿಲ್ಲ.

ಕೀಲಿಗಳ ಕ್ರಮವೂ ಅವನದೇ. ಅಕ್ಕಪಕ್ಕದ ಕೋಲುಗಳು ಒಂದಕ್ಕೊಂದು ಸಿಕ್ಕಿಕೊಳ್ಳದಿರಲೆಂದು ವರ್ಣಮಾಲೆಯ ಕ್ರಮವನ್ನು ಕೆಡಿಸಿದನೆಂಬ ಮಾತು ಹಳೆಯದು. ತಂತಿ ಕಚೇರಿಯವರ ಅನುಭವದಿಂದ ಅದು ರೂಪುಗೊಂಡಿತೆಂದು ಈಚಿನ ವಿದ್ವಾಂಸರ ವಾದ. ನಡುಸಾಲಿನ ಡಿ, ಎಫ್, ಜಿ, ಎಚ್, ಜೆ, ಕೆ, ಎಲ್ ಅಕ್ಷರಗಳನ್ನು ನೋಡಿದರೆ ಹಳೆಯ ವರ್ಣಮಾಲೆಯ ಬೇರು ಇಂದಿಗೂ ಕಾಣುತ್ತದೆ.

ಯಂತ್ರ ಬಂದಿತು, ಅದನ್ನು ಹೇಗೆ ನುಡಿಸಬೇಕೆಂಬುದು ಮಾತ್ರ ಯಾರಿಗೂ ತಿಳಿಯದು. ಬಹುಮಂದಿ ಕೋಳಿ ಕಾಳು ಹೆಕ್ಕುವಂತೆ ಎರಡೋ ನಾಲ್ಕೋ ಬೆರಳುಗಳಲ್ಲಿ ಕುಟ್ಟುತ್ತಿದ್ದರು. ಸಿನ್ಸಿನಾಟಿಯ ಶ್ರೀಮತಿ ಲಾಂಗ್ಲಿ ಎಂಬ ಶಿಕ್ಷಕಿ 1882ರಲ್ಲೇ ಎಲ್ಲ ಬೆರಳುಗಳನ್ನೂ ದುಡಿಸುವ ಪಾಠಪುಸ್ತಕ ಬರೆದರು. ಅದನ್ನು ಒಪ್ಪದವರು ಅನೇಕರಿದ್ದರು. ಕಿರುಬೆರಳಿಗೆ ಬಲವೆಲ್ಲಿಂದ ಬರಬೇಕೆಂದು ಅವರ ಆಕ್ಷೇಪ.

ವಾದಕ್ಕೆ ಉತ್ತರ ಅದೇ ಊರಿನಲ್ಲಿ, 1888ರ ಜುಲೈ 25ರಂದು ದೊರೆಯಿತು. ಅಂದು ಫ್ರಾಂಕ್ ಮೆಕ್‌ಗರಿನ್ ಮತ್ತು ಲೂಯಿ ಟ್ರಾಬ್ ಎಂಬಿಬ್ಬರು ಐನೂರು ಡಾಲರ್ ಪಣಕ್ಕೆ ಸ್ಪರ್ಧಿಸಿದರು. ಮೆಕ್‌ಗರಿನ್ ಸಾಲ್ಟ್ ಲೇಕ್ ಸಿಟಿಯ ನ್ಯಾಯಾಲಯದ ಶೀಘ್ರಲಿಪಿಕಾರ. ರೆಮಿಂಗ್ಟನ್ನಿನ ಕೀಲಿಗಳನ್ನೆಲ್ಲ ಬಾಯಿಪಾಠ ಮಾಡಿದ್ದವನು. ಟ್ರಾಬ್ ನಾಲ್ಕು ಬೆರಳಿನ ಪ್ರವೀಣ. ದೊಡ್ಡಕ್ಷರ ಸಣ್ಣಕ್ಷರಗಳಿಗೆ ಬೇರೆ ಬೇರೆ ಕೀಲಿಗಳಿದ್ದ ಕ್ಯಾಲಿಗ್ರಾಫ್ ಯಂತ್ರ ಅವನದು. ಮುಕ್ಕಾಲು ಗಂಟೆ ಹೇಳಿದ್ದನ್ನು ಕೇಳಿ ಹೊಡೆಯುವುದು, ಮುಕ್ಕಾಲು ಗಂಟೆ ಪ್ರತಿಯನ್ನು ನೋಡಿ ಹೊಡೆಯುವುದು. ಎರಡರಲ್ಲೂ ಮೆಕ್‌ಗರಿನ್ ಗೆದ್ದ. ಆದರೆ ಗಮನಿಸಬೇಕಾದ ಅಂಶ ಬೇರೆಯಿದೆ. ನೋಡಿ ಹೊಡೆಯುವಾಗ ಟ್ರಾಬನ ವೇಗ ಕುಸಿಯಿತು, ಮೆಕ್‌ಗರಿನ್ನನದು ಕುಸಿಯಲಿಲ್ಲ. ಒಬ್ಬನ ಕಣ್ಣು ಕಾಗದಕ್ಕೂ ಕೀಲಿಗೂ ಓಡಾಡಿ ದಣಿಯಿತು. ಇನ್ನೊಬ್ಬನ ಕಣ್ಣು ಕಾಗದದ ಮೇಲೆ ನೆಟ್ಟೇ ಇತ್ತು. ಸೋತದ್ದು ಬೆರಳಲ್ಲ, ಕಣ್ಣು.

ಮುಂದೆ ಸ್ಪರ್ಧೆಗಳು ಹೆಚ್ಚಿದವು. ತಪ್ಪೊಂದಕ್ಕೆ ಹತ್ತು ಪದ ಕಳೆಯುವ ಕಟ್ಟುನಿಟ್ಟಿನ ನಿಯಮವೂ ಬಂತು. ಆ ನಿಯಮದ ಕೆಳಗೆ ಆಲ್ಬರ್ಟ್ ಟ್ಯಾಂಗೋರಾ 1923ರಲ್ಲಿ ಅಂಡರ್‌ವುಡ್ ಯಂತ್ರದ ಮೇಲೆ ಒಂದು ಗಂಟೆಯ ಕಾಲ ನಿಮಿಷಕ್ಕೆ 147 ಪದಗಳಂತೆ ಹೊಡೆದ. ವಾಚಕರು ಒಂದು ಲೆಕ್ಕ ಹಾಕಿ ನೋಡಬೇಕು. ನಿಮಿಷಕ್ಕೆ 40 ಪದದಂತೆ ಹತ್ತು ನಿಮಿಷ ಹೊಡೆದು ಹತ್ತು ತಪ್ಪು ಮಾಡಿದವನಿಗೆ ಉಳಿಯುವುದು 300 ಪದ. ನಿಮಿಷಕ್ಕೆ 35ರಂತೆ ಸಾವಧಾನವಾಗಿ ಹೊಡೆದು ಎರಡೇ ತಪ್ಪು ಮಾಡಿದವನಿಗೆ 330. ಅವಸರದವನು ಹಿಂದೆ ಬಿದ್ದ!

ನಮ್ಮಲ್ಲಿ ಗೋದ್ರೆಜ್ 1955ರಲ್ಲಿ ಸ್ವದೇಶಿ ಯಂತ್ರವನ್ನು ಹೊರತಂದಿತು. ಪೇಟೆಬೀದಿಯ ಮಹಡಿಗಳಲ್ಲಿ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟುಗಳು ಎಷ್ಟೋ ಮನೆಗಳ ಅನ್ನದ ದಾರಿಯಾದವು. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ಹುಡುಗಿಯರಿಗೆ ಅಲ್ಲಿ ದೊರೆಯುತ್ತಿದ್ದ ಸರ್ಟಿಫಿಕೇಟು ಆಗ ಕೆಲಸದ ಬಾಗಿಲ ಕೀಲಿಕೈಯಾಗಿತ್ತು. ನಾನು ಕಲಿತ ಕಡೆ ‘ಎ ಎಸ್ ಡಿ ಎಫ್’ ಪಾಠ ಮುಗಿಯಲು ವಾರಗಳೇ ಹಿಡಿದವು. ತಾಳ ತಪ್ಪಿದರೆ ಮೇಷ್ಟ್ರು ಹಾಳೆ ಎಳೆದು ಹೊಸದಾಗಿ ಹಾಕಿಸುತ್ತಿದ್ದರು. ಅದು ಕ್ರೌರ್ಯವೆಂದು ಆಗ ಅನ್ನಿಸಿತ್ತು. ತಪ್ಪನ್ನು ಬೆರಳು ಅಭ್ಯಾಸ ಮಾಡಿಕೊಳ್ಳದಂತೆ ತಡೆಯುವ ಉಪಾಯವದು ಎಂಬುದು ಈಗ ಅರ್ಥವಾಗುತ್ತದೆ.

ಕನ್ನಡದ ಕಷ್ಟ ಬೇರೆ. ಒತ್ತು, ಗುಣಿತ, ಕೊಂಬು, ದೀರ್ಘಗಳನ್ನು ಒಂದು ಮಣೆಯಲ್ಲಿ ಹಿಡಿಸುವುದು ಸುಲಭವಲ್ಲ. ಅದಕ್ಕಾಗಿ ಶ್ರಮಿಸಿದ ಅನಂತಸುಬ್ಬರಾಯರನ್ನೂ, ಗಣಕಕ್ಕೆ ಧ್ವನಿಯ ಕ್ರಮದ ಕೀಲಿಮಣೆಯನ್ನು ರೂಪಿಸಿದ ಕೆ. ಪಿ. ರಾಯರನ್ನೂ ಕನ್ನಡಿಗರು ನೆನೆಯಬೇಕು.

ಟೈಪ್‌ರೈಟರು ಕಚೇರಿಯಿಂದ ಮರೆಯಾಯಿತು, ಕೀಲಿಮಣೆ ಉಳಿಯಿತು. ಹಿಂದೆ ಗುಮಾಸ್ತೆಯೊಬ್ಬನ ಪಾಲಿಗಿದ್ದ ಕೆಲಸ ಇಂದು ವೈದ್ಯ, ವಕೀಲ, ಅಧ್ಯಾಪಕ ಎಲ್ಲರ ಪಾಲಿಗೂ ಬಂದಿದೆ. ಕಲಿಸುವ ಮೇಷ್ಟ್ರು ಮಾತ್ರ ಇಲ್ಲವಾಗಿದ್ದಾರೆ. ತಪ್ಪನ್ನು ಅಳಿಸುವುದು ಸುಲಭವಾದುದರಿಂದ ತಪ್ಪಿನ ಭಯವೂ ಹೋಗಿದೆ. ಅಳಿಸಲು ಹಿಡಿಯುವ ಕಾಲವೂ ಕಾಲವೇ ಎಂಬುದನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ದಿನಕ್ಕೆ ಕಾಲು ಗಂಟೆ, ಕೀಲಿಯತ್ತ ನೋಡದೆ, ತಪ್ಪಿಲ್ಲದಷ್ಟು ನಿಧಾನವಾಗಿ, ಒಂದೇ ತಾಳದಲ್ಲಿ ಸಾಧಿಸಿದರೆ ಸಾಕು. ಮೆಕ್‌ಗರಿನ್ ಗೆದ್ದದ್ದೂ ಈ ಗುಟ್ಟಿನಿಂದಲೇ. ವೇಗವನ್ನು ಬೆನ್ನಟ್ಟಿದವರಿಗೆ ಅದು ಸಿಕ್ಕುವುದು ಅಪರೂಪ. ನಿಖರತೆಯನ್ನು ಹಿಡಿದವರ ಹಿಂದೆ ಅದು ತಾನಾಗಿ ಬರುತ್ತದೆ.