ಈಜಿಪ್ಟಿನ ಋಣ

ವ್ಯವಹಾರಪದಗಳನ್ನು ಹದಿನೆಂಟೆಂದು ಎಣಿಸುವಾಗ ಮನುವು ಋಣಾದಾನಕ್ಕೆ ಮೊದಲನೆಯ ಸ್ಥಾನವನ್ನು ಕೊಟ್ಟಿದ್ದಾನೆ. ತಂದೆಯ ಸಾಲವನ್ನು ಮಗನು ತೀರಿಸತಕ್ಕದ್ದೆಂದು ವಿಧಿಸಿದ ಧರ್ಮಶಾಸ್ತ್ರಕಾರರೇ, ಜೂಜಿಗೂ ಮದ್ಯಕ್ಕೂ ವೃಥಾದಾನಕ್ಕೂ ಆದ ಸಾಲವು ಮಗನನ್ನು ಮುಟ್ಟದೆಂದು ಅಪವಾದವನ್ನೂ ಹೇಳಿರುವರು. ಒಂದು ಮನೆತನದ ಮಟ್ಟಿಗೆ ಈ ವಿವೇಚನೆ ಸಾಕು. ಆದರೆ ಸಾಲ ಮಾಡಿದವನು ಅರಸನಾಗಿ, ಕೊಟ್ಟವರು ಸಮುದ್ರದಾಚೆಯವರಾಗಿ, ತೀರಿಸಬೇಕಾದವರು ಸಾಲಪತ್ರವನ್ನು ಕಣ್ಣಿನಿಂದಲೂ ಕಾಣದ ಒಕ್ಕಲು ಮಕ್ಕಳಾದಾಗ ನ್ಯಾಯವೇನು? ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈಜಿಪ್ಟಿನವರಿಗೆ ಈ ಪ್ರಶ್ನೆಯು ಒದಗಿತು. ಅವರು ಅದನ್ನು ಬಿಡಿಸಹೊರಟು, ಅದಕ್ಕಿಂತ ದೊಡ್ಡದೊಂದು ಪ್ರಶ್ನೆಗೆ ಬಂದು ಮುಟ್ಟಿದ ಬಗೆಯನ್ನು ವಾಚಕರ ಮುಂದಿಡಬೇಕೆಂದಿದ್ದೇನೆ.

ಆಗ ಈಜಿಪ್ಟು ಹೆಸರಿಗೆ ತುರ್ಕಿ ಸುಲ್ತಾನನ ಅಧೀನದಲ್ಲಿದ್ದಿತು. ವಾಸ್ತವದಲ್ಲಿ ಮಹಮ್ಮದ್ ಅಲಿಯ ವಂಶದವರು ಆಳುತ್ತಿದ್ದರು. ಮಹಮ್ಮದ್ ಅಲಿಯು ಯುದ್ಧಗಳನ್ನು ಮಾಡಿದನು, ಕಾಲುವೆಗಳನ್ನು ತೋಡಿಸಿದನು, ಕಾರ್ಖಾನೆಗಳನ್ನು ಕಟ್ಟಿಸಿದನು. ಪರದೇಶದ ಸಾಲವನ್ನು ಮಾತ್ರ ಬಿಟ್ಟುಹೋಗಲಿಲ್ಲ. ಮೊದಲನೆಯ ಹೊರಸಾಲವನ್ನು ಎತ್ತಿದವನು ಅವನ ಮಗ ಸಯೀದನು, 1862ರಲ್ಲಿ. ಮರುವರ್ಷ ಪಟ್ಟಕ್ಕೆ ಬಂದವನು ಇಸ್ಮಾಯಿಲನು. ಅಮೆರಿಕದ ಅಂತರ್ಯುದ್ಧದ ದೆಸೆಯಿಂದ ಹತ್ತಿಯ ಬೆಲೆ ಆಗ ಆಕಾಶಕ್ಕೇರಿದ್ದಿತು. 1865ರಲ್ಲಿ ಯುದ್ಧ ಮುಗಿದು ಬೆಲೆಯಿಳಿಯಿತು, ವೆಚ್ಚವಿಳಿಯಲಿಲ್ಲ. ರೈಲು, ತಂತಿ, ನೀರಾವರಿ, ಸಕ್ಕರೆಯ ಕಾರ್ಖಾನೆಗಳು, ಕೈರೋ ನಗರದ ಹೊಸ ಬೀದಿಗಳು, ಅರಮನೆಗಳು, 1869ರಲ್ಲಿ ಸೂಯೆಜ್ ಕಾಲುವೆಯ ಪ್ರಾರಂಭೋತ್ಸವ—ಇವೆಲ್ಲವನ್ನೂ ವೃಥಾದಾನವೆಂದು ತಳ್ಳಿಬಿಡಲು ನಾನು ಒಪ್ಪೆನು. ರೈಲೂ ಕಾಲುವೆಯೂ ದೇಶಕ್ಕೆ ಉಳಿದವು. ಆದರೆ ಸಾಲ ಬಂದ ಬಗೆ ಕ್ರೂರವಾದದ್ದು. 1873ರ ಸಾಲಪತ್ರದಲ್ಲಿ ಬರೆದದ್ದು 3 ಕೋಟಿ 20 ಲಕ್ಷ ಪೌಂಡು. ಕೈಗೆ ಬಂದದ್ದು ಸುಮಾರು 2 ಕೋಟಿ. ಬಡ್ಡಿಯೋ ಬರೆದ ಮೊತ್ತದ ಮೇಲೆಯೇ. ಸಾಲ ಕೊಟ್ಟವನಿಗೆ ಉತ್ತಮರ್ಣನೆಂದೂ ತೆಗೆದುಕೊಂಡವನಿಗೆ ಅಧಮರ್ಣನೆಂದೂ ಸಂಸ್ಕೃತದಲ್ಲಿ ಹೆಸರು. ಉತ್ತಮಾಧಮಗಳನ್ನು ಹೀಗೆ ಹಂಚಿದ ವೈಯಾಕರಣನು ಲಂಡನ್ ಪ್ಯಾರಿಸ್ಸುಗಳ ಲೇವಾದೇವಿಯನ್ನು ನೋಡಿರಲಿಲ್ಲವೆಂದು ತೋರುತ್ತದೆ.

ಹೊರಗಿನ ಹಣ ಸಾಲದೆ ಇಸ್ಮಾಯಿಲನು ಒಳಗಿನವರಿಂದಲೂ ಎತ್ತಿದನು. 1871ರಲ್ಲಿ ‘ಮುಕಾಬಲಾ’ ಎಂಬ ಕಾಯಿದೆ ಹೊರಟಿತು: ಆರು ವರ್ಷಗಳ ಕಂದಾಯವನ್ನು ಮುಂಗಡವಾಗಿ ಕಟ್ಟಿದ ಭೂಮಾಲಿಕನಿಗೆ ಮುಂದೆ ಎಂದೆಂದಿಗೂ ಅರ್ಧ ಕಂದಾಯದ ಮಾಫಿ, ಭೂಮಿಯ ಮೇಲೆ ದೃಢವಾದ ಹಕ್ಕು. ಈ ಕಾಯಿದೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ರಾಜಕೀಯದ ಬೀಜ ಇದರಲ್ಲಿದೆ.

1875ರ ನವೆಂಬರಿನಲ್ಲಿ ಇಸ್ಮಾಯಿಲನು ಸೂಯೆಜ್ ಕಾಲುವೆಯ ತನ್ನ 1,76,602 ಷೇರುಗಳನ್ನು ಸುಮಾರು 40 ಲಕ್ಷ ಪೌಂಡಿಗೆ ಬ್ರಿಟಿಷ್ ಸರ್ಕಾರಕ್ಕೆ ಮಾರಿದನು. ಅದೂ ಸಾಲದೆ 1876ರ ಏಪ್ರಿಲಿನಲ್ಲಿ ಪಾವತಿ ನಿಂತಿತು. ಮೇ ತಿಂಗಳಲ್ಲಿ ಉತ್ತಮರ್ಣರ ಪ್ರತಿನಿಧಿಗಳು ಕುಳಿತ ಸಾರ್ವಜನಿಕ ಋಣಕೋಶವೊಂದು ಕೈರೋದಲ್ಲಿ ಏರ್ಪಟ್ಟು, ಒಟ್ಟುಗೂಡಿಸಿದ ಸಾಲ 9 ಕೋಟಿ 10 ಲಕ್ಷ ಪೌಂಡೆಂದು ನಿಗದಿಯಾಯಿತು. ಆ ವರ್ಷದ ಕೊನೆಯಲ್ಲಿ ಆದಾಯಕ್ಕೆ ಒಬ್ಬ ಇಂಗ್ಲಿಷ್ ನಿಯಂತ್ರಕ, ವೆಚ್ಚಕ್ಕೆ ಒಬ್ಬ ಫ್ರೆಂಚ್ ನಿಯಂತ್ರಕ ಬಂದರು. 1877ರಲ್ಲಿ ಸುಮಾರು 95 ಲಕ್ಷ ಪೌಂಡಿನ ಆದಾಯದಲ್ಲಿ 75 ಲಕ್ಷದಷ್ಟು ಸಾಲದ ಬಾಬಿಗೇ ಹೋಯಿತು. ಅದೇ ವರ್ಷ ನೈಲ್ ನದಿ ತುಂಬಿ ಬರಲಿಲ್ಲ. 1878ರಲ್ಲಿ ಮೇಲ್ಸೀಮೆಯಲ್ಲಿ ಜನರು ಹಸಿವಿನಿಂದ ಸತ್ತರು. ನಮ್ಮ ಮೈಸೂರು ಸೀಮೆಯಲ್ಲಿ ಧಾತು ಸಂವತ್ಸರದ ಬರವೆಂದು ಹಿರಿಯರು ನಡುಗಿ ಹೇಳುತ್ತಿದ್ದುದೂ ಆ ವರ್ಷಗಳದೇ; ಆಗಿನ ಮಳೆಯ ಪ್ರಕೋಪವು ಎರಡು ಖಂಡಗಳನ್ನೂ ಒಂದೇ ಸಲ ಹಿಡಿಯಿತೆಂದು ಈಗಿನ ಹವಾಶಾಸ್ತ್ರಜ್ಞರು ಹೇಳುತ್ತಾರೆ. ಆ ಬರದ ನಡುವೆಯೂ ಈಜಿಪ್ಟಿನಲ್ಲಿ ಬಡ್ಡಿಯ ಕಂತು ಸಂದಿತು.

ಇಲ್ಲಿಂದ ಮುಂದೆ ಮಾತು ಬದಲಾಯಿತು. ಅದಕ್ಕೆ ಮೊದಲು ಪ್ರಜೆಗಳು ಅರಸನನ್ನು ಕುರಿತು ಆಡುತ್ತಿದ್ದ ಮಾತು ಎರಡೇ ಬಗೆ: ಸ್ತುತಿ, ಇಲ್ಲವೆ ಬಿನ್ನಹ. 1866ರಲ್ಲಿ ಇಸ್ಮಾಯಿಲನೇ 75 ಮಂದಿಯ ಪ್ರತಿನಿಧಿ ಸಭೆಯೊಂದನ್ನು ಸ್ಥಾಪಿಸಿದ್ದನು. ಸದಸ್ಯರು ಹೆಚ್ಚಾಗಿ ಹಳ್ಳಿಯ ಮುಖಂಡರು. ಕೇಳಿದಾಗ ಸಲಹೆ ಹೇಳುವುದಷ್ಟೇ ಅವರ ಅಧಿಕಾರ. 1878ರಲ್ಲಿ ನೂಬಾರ್ ಪಾಶಾನ ಮಂತ್ರಿಮಂಡಲದಲ್ಲಿ ಹಣಕಾಸನ್ನು ರಿವರ್ಸ್ ವಿಲ್ಸನ್ ಎಂಬ ಇಂಗ್ಲಿಷರವನೂ ಲೋಕೋಪಯೋಗಿ ಇಲಾಖೆಯನ್ನು ಒಬ್ಬ ಫ್ರೆಂಚನೂ ವಹಿಸಿಕೊಂಡರು. ಮಿತವ್ಯಯಕ್ಕಾಗಿ ಸುಮಾರು 2,500 ಸೇನಾಧಿಕಾರಿಗಳಿಗೆ ಅರ್ಧ ಸಂಬಳವೆಂದಾಯಿತು. 1879ರ ಫೆಬ್ರವರಿಯಲ್ಲಿ ಅವರು ನೂಬಾರನನ್ನು ಬೀದಿಯಲ್ಲಿಯೇ ಹಿಡಿದು ಎಳೆದಾಡಿದರು. ಮುಕಾಬಲಾ ಮಾಫಿಯನ್ನು ರದ್ದುಮಾಡುವ ಸೂಚನೆ ಹೊರಟಾಗ, ಮುಂಗಡ ಕಟ್ಟಿದ್ದ ಭೂಮಾಲಿಕರು ಬೆಚ್ಚಿಬಿದ್ದರು. ಸಭೆಯಲ್ಲಿ ಕುಳಿತವರೂ ಅವರೇ ಅಲ್ಲವೆ? ಮಾರ್ಚಿನಲ್ಲಿ ಮಂತ್ರಿಗಳು ಸಭೆಯನ್ನು ವಿಸರ್ಜಿಸಹೊರಟರೆ ಸದಸ್ಯರು ಎದ್ದುಹೋಗಲೊಪ್ಪಲಿಲ್ಲ.

ಮರುತಿಂಗಳು ಭೂಮಾಲಿಕರೂ ಉಲೇಮಾ ಪಂಡಿತರೂ ಅಧಿಕಾರಿಗಳೂ ಕೂಡಿ ಒಂದು ರಾಷ್ಟ್ರೀಯ ಪತ್ರಕ್ಕೆ ಸಹಿ ಹಾಕಿದರು. ಸಾಲವನ್ನು ಕೊಡುವುದಿಲ್ಲವೆಂದು ಅವರು ಹೇಳಲಿಲ್ಲ. ದೇಶವು ದಿವಾಳಿಯಾಗಿಲ್ಲ, ಸಾಲವನ್ನು ನಾವೇ ತೀರಿಸುತ್ತೇವೆ. ಆದರೆ ಮಂತ್ರಿಗಳು ದೇಶೀಯರಾಗಿರಬೇಕು, ಅವರು ಪ್ರತಿನಿಧಿ ಸಭೆಗೆ ಹೊಣೆಯಾಗಿರಬೇಕು ಎಂಬುದು ಪತ್ರದ ಸಾರ. ಇದರಲ್ಲಿ ಸ್ವಾರ್ಥವಿತ್ತೆಂದು ಆಗಿನ ಐರೋಪ್ಯ ಅಧಿಕಾರಿಗಳು ಹೀಯಾಳಿಸಿದರು. ಇತ್ತು, ಸಂದೇಹವಿಲ್ಲ. ಮಾಫಿ ಉಳಿಯಬೇಕೆಂಬುದು ಒಬ್ಬನ ಆಸೆ, ಪೂರ್ತಿ ಸಂಬಳ ಮತ್ತೊಬ್ಬನದು, ಸಿಂಹಾಸನ ಇಸ್ಮಾಯಿಲನದು. ಆದರೆ ಕಂದಾಯ ಕೊಡುವವನು ತನ್ನ ಕಂದಾಯ ಎಲ್ಲಿಗೆ ಹೋಗುತ್ತದೆಂದು ಕೇಳುವುದು ಸ್ವಾರ್ಥವಾದರೆ, ಇಂಗ್ಲೆಂಡಿನ ಪಾರ್ಲಿಮೆಂಟು ಬೆಳೆದುದೂ ಅದೇ ಸ್ವಾರ್ಥದಿಂದಲೇ. ಅದನ್ನು ಗುಣವೆಂದು ಪಾಠ ಹೇಳಿದವರೇ ಇಲ್ಲಿ ದೋಷವೆಂದರು.

ಇಸ್ಮಾಯಿಲನು ಈ ಪತ್ರವನ್ನು ಹಿಡಿದು ಐರೋಪ್ಯ ಮಂತ್ರಿಗಳನ್ನು ಕಳೆದನು. ಇಂಗ್ಲೆಂಡ್ ಫ್ರಾನ್ಸುಗಳ ಒತ್ತಾಯದಿಂದ 1879ರ ಜೂನ್ 26ರಂದು ಸುಲ್ತಾನನ ತಂತಿ ಬಂದಿತು. ಅದರ ಮೇಲ್ವಿಳಾಸದಲ್ಲಿ ಅವನು ಆಗಲೇ ‘ಮಾಜಿ’ಯಾಗಿದ್ದನು. ಮಗ ತೌಫೀಕನು ಪಟ್ಟಕ್ಕೆ ಬಂದನು. 1880ರ ಋಣಪರಿಹಾರ ಶಾಸನವು ಬಡ್ಡಿಯನ್ನು ಶೇಕಡಾ 4ಕ್ಕೆ ಇಳಿಸಿ, ರಾಜ್ಯದ ಆದಾಯದ ಅರ್ಧದಷ್ಟನ್ನು ಸಾಲಕ್ಕೆ ಮೀಸಲಿಟ್ಟಿತು. ಮುಕಾಬಲಾ ರದ್ದಾಯಿತು, ಮುಂಗಡ ಕಟ್ಟಿದವರೆಲ್ಲರಿಗೂ ಸೇರಿ ವರ್ಷಕ್ಕೆ 1,50,000 ಪೌಂಡಿನಂತೆ 50 ವರ್ಷ ಪರಿಹಾರವೆಂದಾಯಿತು. ಪರದೇಶದ ಸಾಲ ಪವಿತ್ರ, ಸ್ವದೇಶದ ಸಾಲಕ್ಕೆ ಚಿಲ್ಲರೆ—ಎಂದು ಭೂಮಾಲಿಕರು ಅರ್ಥಮಾಡಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

1881ರ ಸೆಪ್ಟೆಂಬರ್ 9ರಂದು, ರೈತಮನೆತನದಲ್ಲಿ ಹುಟ್ಟಿದ ಕರ್ನಲ್ ಅಹಮದ್ ಉರಾಬಿಯು ಸೈನ್ಯದೊಡನೆ ಆಬ್ದೀನ್ ಅರಮನೆಯ ಮುಂದೆ ನಿಂತು ಮಂತ್ರಿಗಳ ಪದಚ್ಯುತಿಯನ್ನೂ ಪ್ರತಿನಿಧಿ ಸಭೆಯನ್ನೂ ಸೈನ್ಯದ ವೃದ್ಧಿಯನ್ನೂ ಕೇಳಿದನು. ಡಿಸೆಂಬರಿನಲ್ಲಿ ಸಭೆ ಕೂಡಿತು. ಆಗ ಎದ್ದ ವಾದವೇ ಈ ಇತಿಹಾಸದ ಹೃದಯ. ಸಾಲಕ್ಕೆ ಮೀಸಲಾದ ಅರ್ಧವನ್ನು ನಾವು ಮುಟ್ಟೆವು. ಉಳಿದ ಅರ್ಧದ ಆಯವ್ಯಯವನ್ನು ನಾವು ಮಂಜೂರು ಮಾಡಬೇಕು ಎಂದರು ಸದಸ್ಯರು. ಉಳಿದರ್ಧದಲ್ಲಿ ಸೈನ್ಯಕ್ಕೂ ನೌಕರರಿಗೂ ಮನಬಂದಂತೆ ವೆಚ್ಚವಾದರೆ ಮೊದಲರ್ಧಕ್ಕೂ ಭದ್ರತೆಯಿಲ್ಲ ಎಂದರು ನಿಯಂತ್ರಕರು. ಈ ವಾದದಲ್ಲಿ ಯುಕ್ತಿಯಿಲ್ಲವೆನ್ನಲಾರೆ. ಆದರೆ ಅದನ್ನು ಒಪ್ಪಿದರೆ ಸಾಲವಿರುವ ತನಕ ಯಾವ ದೇಶದ ಸಭೆಗೂ ಒಂದು ಕಾಸಿನ ಮೇಲೂ ಅಧಿಕಾರವಿರಲಾರದು. ದೇಶೀಯರಲ್ಲಿಯೂ ಇಬ್ಭಾಗವಾಯಿತು. ಸಭೆಯನ್ನು ಮೊದಲು ಬೇರೂರಿಸೋಣ, ಆಯವ್ಯಯದ ಹಟದಿಂದ ಪರರನ್ನು ಕೆರಳಿಸುವುದು ಬೇಡ ಎಂದವನು ಪ್ರಧಾನಿ ಷರೀಫ್ ಪಾಶಾ. ಆಯವ್ಯಯವಿಲ್ಲದ ಸಭೆ ಹರಟೆಯ ಜಗಲಿ ಎಂಬುದು ಎದುರುಪಕ್ಷ. ಷರೀಫನ ಎಚ್ಚರಿಕೆ ಅರ್ಥವುಳ್ಳದ್ದೆಂದು ಮುಂದಿನ ಘಟನೆಗಳಿಂದ ತೋರೀತು. ಆದರೆ 1882ರ ಜನವರಿ 8ರಂದು ಇಂಗ್ಲೆಂಡ್ ಫ್ರಾನ್ಸುಗಳು ತೌಫೀಕನ ಬೆಂಬಲಕ್ಕೆ ಕೂಡಿ ಕಳುಹಿಸಿದ ಪತ್ರವು ಅವನ ಕಾಲ ಕೆಳಗಿನ ನೆಲವನ್ನೇ ತೆಗೆದುಬಿಟ್ಟಿತು. ಮಂದಮಾರ್ಗಿಗೆ ಕಿವಿಗೊಡುವವರೇ ಉಳಿಯಲಿಲ್ಲ. ಫೆಬ್ರವರಿಯಲ್ಲಿ ಕವಿಯೂ ಯೋಧನೂ ಆದ ಮಹಮೂದ್ ಸಾಮಿ ಅಲ್ ಬಾರೂದಿಯು ಪ್ರಧಾನಿಯಾದನು, ಉರಾಬಿಯು ಯುದ್ಧಮಂತ್ರಿಯಾದನು. ಹೊಸ ಶಾಸನವು ಸಾಲ, ಸುಲ್ತಾನನ ಕಪ್ಪ, ಅಂತಾರಾಷ್ಟ್ರೀಯ ಒಪ್ಪಂದಗಳು ಇವನ್ನು ಬಿಟ್ಟು ಉಳಿದ ಆಯವ್ಯಯವನ್ನು ಸಭೆಯ ಮುಂದೆ ತಂದಿತು.

ಅದು ಐದು ತಿಂಗಳು ಬದುಕಿತು. ಜುಲೈ 11ರಂದು ಬ್ರಿಟಿಷ್ ನೌಕೆಗಳು ಅಲೆಕ್ಸಾಂಡ್ರಿಯದ ಮೇಲೆ ಗುಂಡು ಹಾರಿಸಿದವು. ಸೆಪ್ಟೆಂಬರ್ 13ರಂದು ತೆಲ್ ಎಲ್ ಕೆಬೀರಿನಲ್ಲಿ ಉರಾಬಿಯ ಸೈನ್ಯ ಮುರಿಯಿತು. ಯುದ್ಧಕ್ಕೆ ಕಾರಣ ಸಾಲವೋ ಸೂಯೆಜ್ ಮಾರ್ಗವೋ ಎಂದು ಇತಿಹಾಸಜ್ಞರು ಇನ್ನೂ ವಾದಿಸುತ್ತಾರೆ. ಆಗಿನ ಇಂಗ್ಲೆಂಡಿನ ಪ್ರಧಾನಿ ಗ್ಲ್ಯಾಡ್‌ಸ್ಟನ್ನನ ಸ್ವಂತ ಹಣದಲ್ಲಿ ದೊಡ್ಡ ಪಾಲು ಈಜಿಪ್ಟಿನ ಕಪ್ಪದ ಆಧಾರದ ಮೇಲಿನ ಸಾಲಪತ್ರಗಳಲ್ಲಿದ್ದಿತೆಂಬುದು ಮಾತ್ರ ನಿಶ್ಚಯ. ಈ ಯುದ್ಧಕ್ಕೆ ಹಿಂದೂದೇಶದಿಂದಲೂ ಸೈನ್ಯ ಹೋಯಿತು. ಬೆಂಗಳೂರನ್ನು ನೆಲೆಯಾಗುಳ್ಳ ಮದರಾಸ್ ಸ್ಯಾಪರ್ಸ್ ದಳದವರು ಅದರಲ್ಲಿದ್ದರು, ತೆಲ್ ಎಲ್ ಕೆಬೀರ್ ಎಂಬ ಹೆಸರು ಆ ದಳದ ಯುದ್ಧಗೌರವಗಳಲ್ಲಿ ಸೇರಿದೆ. ಆ ಸೈನ್ಯದ ವೆಚ್ಚದ ಒಂದು ಭಾಗ ಇಲ್ಲಿಯ ಬೊಕ್ಕಸದ ಮೇಲೆ ಬಿದ್ದಿತು.

ಉರಾಬಿಯನ್ನು ಸಿಂಹಳಕ್ಕೆ ಗಡೀಪಾರು ಮಾಡಿದರು, 1901ರಲ್ಲಿ ಹಿಂದಿರುಗಿದನು. ಋಣಕೋಶದಲ್ಲಿ ಕುಳಿತಿದ್ದವರಲ್ಲಿ ಒಬ್ಬನಾದ ಈವ್ಲಿನ್ ಬೇರಿಂಗನು 1883ರಿಂದ 1907ರ ವರೆಗೆ ಈಜಿಪ್ಟನ್ನು ಆಳಿದಂತೆಯೇ ಆಳಿದನು. ಋಣಕೋಶದ ಕಚೇರಿ 1940ರಲ್ಲಿ ಮುಚ್ಚಿತು.