ಮುದ್ರಕ ಹಂಚಿಕೆ

ಮುದ್ರಕ ಹಂಚಿಕೆ ಎಂದರೆ ಪ್ರಿಂಟರ್ ಎಂದೇ ರೂಢಿಯಲ್ಲಿರುವ ಮುದ್ರಕವೊಂದನ್ನು ಮನೆ ಅಥವಾ ಕಚೇರಿಯ ಸ್ಥಳೀಯ ಜಾಲದಲ್ಲಿರುವ ಹಲವು ಗಣಕಯಂತ್ರಗಳು ಮತ್ತು ಮೊಬೈಲ್‌ಗಳು ಒಟ್ಟಾಗಿ ಬಳಸುವ ವ್ಯವಸ್ಥೆ. ಇದರಿಂದ ಪ್ರತಿ ಮೇಜಿಗೂ ಪ್ರತ್ಯೇಕ ಮುದ್ರಕ ಕೊಳ್ಳುವ ವೆಚ್ಚ ಉಳಿಯುತ್ತದೆ. ಕರ್ನಾಟಕದ ಕಚೇರಿ, ಶಾಲೆ ಮತ್ತು ಜೆರಾಕ್ಸ್ ಅಂಗಡಿಗಳಲ್ಲಿ ಕನ್ನಡ ಕಡತಗಳು ಅಕ್ಷರ ಕೆಡದೆ ಅಚ್ಚಾಗುವುದಕ್ಕೂ ಈ ವ್ಯವಸ್ಥೆ ನೆರವಾಗುತ್ತದೆ.

ಹಿನ್ನೆಲೆ

ಲೇಸರ್ ಮುದ್ರಕವನ್ನು ಅಮೆರಿಕದ ಜೆರಾಕ್ಸ್ ಸಂಸ್ಥೆಯಲ್ಲಿ ಗ್ಯಾರಿ ಸ್ಟಾರ್ಕ್‌ವೆದರ್ ರೂಪಿಸಿದರು. 1985ರಲ್ಲಿ ಆಪಲ್ ಸಂಸ್ಥೆ ಹೊರತಂದ ಲೇಸರ್‌ರೈಟರ್ ದುಬಾರಿಯಾಗಿದ್ದರಿಂದ, ಹಲವರು ಹಂಚಿಕೊಂಡು ಬಳಸುವಂತೆ ಅದಕ್ಕೆ ಜಾಲ ಸಂಪರ್ಕವನ್ನು ಒದಗಿಸಲಾಗಿತ್ತು. ಬೇರೆ ಬೇರೆ ತಯಾರಕರ ಮುದ್ರಕಗಳಿಗೆ ಸಮಾನ ನಿಯಮವಾಗಿ ‘ಇಂಟರ್ನೆಟ್ ಪ್ರಿಂಟಿಂಗ್ ಪ್ರೋಟೋಕಾಲ್’ 1999ರಲ್ಲಿ ಪ್ರಕಟವಾಯಿತು. ಮೊಬೈಲ್‌ನಿಂದ ನೇರವಾಗಿ ಮುದ್ರಿಸುವ ಏರ್‌ಪ್ರಿಂಟ್ 2010ರಲ್ಲಿ ಬಂದಿತು.

ಕರ್ನಾಟಕದಲ್ಲಿ ‘ಭೂಮಿ’ ಯೋಜನೆಯಿಂದಾಗಿ ಗ್ರಾಮ ಲೆಕ್ಕಿಗರು ಕೈಯಲ್ಲಿ ಬರೆದುಕೊಡುತ್ತಿದ್ದ ಪಹಣಿಯು ಗಣಕಯಂತ್ರದಿಂದ ಅಚ್ಚಾಗಿ ಬರತೊಡಗಿತು. ಗುಲಬರ್ಗಾ ಜಿಲ್ಲೆಯ ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳನ್ನು ಬೇರ್ಪಡಿಸಿ 2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯನ್ನು ರಚಿಸಲಾಯಿತು. ರಾಜ್ಯದ ಉಳಿದೆಡೆಯಂತೆ ಇಲ್ಲಿಯೂ ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪ್ರಶ್ನೆಪತ್ರಿಕೆ ಮುಂತಾದ ದೈನಂದಿನ ಮುದ್ರಣದ ಬಹುಪಾಲು ಕನ್ನಡದಲ್ಲಿರುತ್ತದೆ.

ವಿಧಗಳು

• ಗಣಕಯಂತ್ರದ ಮೂಲಕ ಹಂಚಿಕೆ: ಮುದ್ರಕವನ್ನು ಯುಎಸ್‌ಬಿ ತಂತಿಯಿಂದ ಒಂದು ಗಣಕಯಂತ್ರಕ್ಕೆ ಜೋಡಿಸಿ, ಅದರ ಮೂಲಕ ಉಳಿದವರು ಬಳಸುತ್ತಾರೆ. ಆ ಗಣಕಯಂತ್ರ ಆರಿದರೆ ಯಾರಿಗೂ ಮುದ್ರಣ ದೊರೆಯದು.
• ನೇರ ಜಾಲ ಮುದ್ರಕ: ಮುದ್ರಕವೇ ವೈ-ಫೈ ಅಥವಾ ಜಾಲ ತಂತಿಯಿಂದ ರೂಟರ್‌ಗೆ ಸೇರಿ, ತನ್ನದೇ ಐಪಿ ವಿಳಾಸ ಪಡೆಯುತ್ತದೆ. ಬೇರೊಂದು ಗಣಕಯಂತ್ರದ ಹಂಗಿಲ್ಲ.
• ಮುದ್ರಣ ಸರ್ವರ್: ಯುಎಸ್‌ಬಿ ಮಾತ್ರ ಇರುವ ಹಳೆಯ ಮುದ್ರಕವನ್ನು ಚಿಕ್ಕ ಪೆಟ್ಟಿಗೆಯೊಂದರ ಮೂಲಕ ಅಥವಾ ಕೆಲವು ರೂಟರ್‌ಗಳ ಯುಎಸ್‌ಬಿ ಕಿಂಡಿಯ ಮೂಲಕ ಜಾಲಕ್ಕೆ ಸೇರಿಸುವುದು.

ಅಳವಡಿಸುವ ಕ್ರಮ

ವಿಂಡೋಸ್‌ನಲ್ಲಿ ಯುಎಸ್‌ಬಿ ಮುದ್ರಕವನ್ನು ಹಂಚಲು ‘ಸೆಟ್ಟಿಂಗ್ಸ್’ನ ‘ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್’ ವಿಭಾಗದಲ್ಲಿ ಮುದ್ರಕವನ್ನು ಆರಿಸಿ, ‘ಪ್ರಿಂಟರ್ ಪ್ರಾಪರ್ಟೀಸ್’ ತೆರೆದು, ‘ಶೇರಿಂಗ್’ ಪುಟದಲ್ಲಿ ಗುರುತು ಹಾಕಿ ಚಿಕ್ಕ ಹೆಸರೊಂದನ್ನು ಕೊಡಬೇಕು. ಜಾಲವು ‘ಪ್ರೈವೇಟ್’ ಎಂದು ನಮೂದಾಗಿರಬೇಕು. ‘ಫೈಲ್ ಅಂಡ್ ಪ್ರಿಂಟರ್ ಶೇರಿಂಗ್’ ಚಾಲನೆಯಲ್ಲಿರಬೇಕು. ಬಳಿಕ ಉಳಿದ ಗಣಕಯಂತ್ರಗಳಲ್ಲಿ ‘ಆ್ಯಡ್ ಪ್ರಿಂಟರ್’ ಮೂಲಕ ಅದನ್ನು ಸೇರಿಸಿಕೊಳ್ಳಬಹುದು. ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ಈ ಕಾರ್ಯವನ್ನು ‘ಕಪ್ಸ್’ ಎಂಬ ತಂತ್ರಾಂಶ ನಿರ್ವಹಿಸುತ್ತದೆ.

ನೇರ ಜಾಲ ಮುದ್ರಕಕ್ಕೆ ಬದಲಾಗದ ಐಪಿ ವಿಳಾಸವನ್ನು ರೂಟರ್‌ನಲ್ಲಿಯೇ ಕಾಯ್ದಿರಿಸುವುದು ಉತ್ತಮ. ಹಾಗೆ ಮಾಡದಿದ್ದರೆ, ವಿದ್ಯುತ್ ಹೋಗಿ ಬಂದ ಬಳಿಕ ಮುದ್ರಕಕ್ಕೆ ಬೇರೆ ವಿಳಾಸ ದೊರೆತು, ಅದು ‘ಆಫ್‌ಲೈನ್’ ಎಂದು ಕಾಣಿಸಿಕೊಳ್ಳಬಹುದು.

ಕನ್ನಡ ಕಡತಗಳ ಮುದ್ರಣ

ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶದ ಹಳೆಯ ಮಾದರಿಯ ಅಕ್ಷರವಿನ್ಯಾಸಗಳಲ್ಲಿ, ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಸ್ಥಾನದಲ್ಲಿ ಕನ್ನಡ ಅಕ್ಷರಭಾಗಗಳನ್ನು ಇರಿಸಲಾಗಿದೆ. ಇಂತಹ ಕಡತವನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು, ಆ ಅಕ್ಷರವಿನ್ಯಾಸವಿಲ್ಲದ ಗಣಕಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳು ಕಾಣುತ್ತವೆ.

ಹಂಚಿಕೆಯ ಮುದ್ರಕದಲ್ಲಿ ಈ ತೊಡಕು ಸಾಮಾನ್ಯವಾಗಿ ಬರುವುದಿಲ್ಲ. ಕಡತವು ತೆರೆಯುವುದು ಬರೆದವರ ಗಣಕಯಂತ್ರದಲ್ಲಿಯೇ. ಮುದ್ರಕದ ಕಡೆಗೆ ಹೋಗುವುದು ಸಿದ್ಧಗೊಂಡ ಪುಟ. ಆದ್ದರಿಂದ ಮುದ್ರಕ ಜೋಡಿಸಿರುವ ಗಣಕಯಂತ್ರದಲ್ಲಿ ‘ನುಡಿ’ ಇಲ್ಲದಿದ್ದರೂ ಅಕ್ಷರಗಳು ಸರಿಯಾಗಿ ಮೂಡುತ್ತವೆ. ಯೂನಿಕೋಡ್ ಕಡತಗಳಲ್ಲಿ ಅಕ್ಷರ ಕೆಡುವ ಭಯ ಕಡಿಮೆ. ಆದರೆ ಅಕ್ಷರವಿನ್ಯಾಸ ಬದಲಾದರೆ ಸಾಲು ಮತ್ತು ಪುಟಗಳ ಅಳತೆ ಬದಲಾಗುತ್ತದೆ. ಕಡತವನ್ನು ಹೊರಗೆ ಒಯ್ಯುವುದು ಅನಿವಾರ್ಯವಾದರೆ, ಅಕ್ಷರವಿನ್ಯಾಸವನ್ನು ಒಳಗೊಂಡ ಪಿಡಿಎಫ್ ಆಗಿ ಪರಿವರ್ತಿಸಿಕೊಳ್ಳುವುದು ಸುರಕ್ಷಿತ.

ಗೋಪ್ಯತೆ ಮತ್ತು ಭದ್ರತೆ

ಹಂಚಿಕೆಯ ಮುದ್ರಕದ ತಟ್ಟೆಯಲ್ಲಿ ಉಳಿದ ಹಾಳೆ ಯಾರ ಕೈಗಾದರೂ ಸಿಗಬಹುದು. ಆಧಾರ್ ಪ್ರತಿ, ಬ್ಯಾಂಕ್ ವಿವರ ಮತ್ತು ಪ್ರಶ್ನೆಪತ್ರಿಕೆಗಳ ವಿಷಯದಲ್ಲಿ ಇದು ಗಂಭೀರ. ಮುದ್ರಕದ ಬಳಿ ರಹಸ್ಯಸಂಖ್ಯೆ ಒತ್ತಿದ ಮೇಲೆಯೇ ಅಚ್ಚಾಗುವ ಸೌಲಭ್ಯ ಕೆಲವು ಮಾದರಿಗಳಲ್ಲಿದೆ. ಕಾಗದ ಸಿಕ್ಕಿಕೊಂಡಾಗ ಸರತಿಯಲ್ಲಿ ನಿಂತ ಕಡತವನ್ನು ಅಳಿಸದೆ ಬಿಟ್ಟರೆ, ಅದು ಮುಂದೆ ಬೇರೆಯವರ ಎದುರಿಗೆ ಅಚ್ಚಾಗಬಹುದು. ಗ್ರಾಹಕರಿಗೆ ವೈ-ಫೈ ನೀಡುವ ಅಂಗಡಿಗಳು ಅದನ್ನು ಮುದ್ರಕದ ಜಾಲದಿಂದ ಬೇರೆಯಾಗಿಡಬೇಕು. 2021ರಲ್ಲಿ ವಿಂಡೋಸ್‌ನ ಮುದ್ರಣ ಸೇವೆಯಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂಬ ದೋಷ ಬಯಲಾದ ನಂತರ, ಮುದ್ರಕದ ಚಾಲಕ ತಂತ್ರಾಂಶ ಸೇರಿಸಲು ಆಡಳಿತಾಧಿಕಾರವುಳ್ಳ ಖಾತೆ ಬೇಕೆಂಬ ನಿಯಮ ಬಂದಿತು.

ನಿರ್ವಹಣೆ

ಲೇಸರ್ ಮುದ್ರಕವು ಶಾಯಿಪುಡಿಯನ್ನು ಬಿಸಿಯಿಂದ ಕಾಗದಕ್ಕೆ ಅಂಟಿಸುವುದರಿಂದ ಒಮ್ಮೆಲೇ ಹೆಚ್ಚು ವಿದ್ಯುತ್ ಸೆಳೆಯುತ್ತದೆ. ಹಾಗಾಗಿ ಅದನ್ನು ಚಿಕ್ಕ ಯುಪಿಎಸ್‌ಗೆ ಜೋಡಿಸಬಾರದು. ರೂಟರ್ ಮತ್ತು ಗಣಕಯಂತ್ರಗಳನ್ನು ಮಾತ್ರ ಜೋಡಿಸಬಹುದು. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ಮೀರುವ ಯಾದಗಿರಿ ಪ್ರದೇಶದ ಒಣ ಹವೆಯಲ್ಲಿ ಕಾಗದದ ಹಾಳೆಗಳು ಒಂದಕ್ಕೊಂದು ಅಂಟಿ, ಎರಡೆರಡಾಗಿ ಒಳಹೋಗಬಹುದು. ಕಾಗದದ ಕಟ್ಟನ್ನು ಮುಚ್ಚಿಡುವುದು ಮತ್ತು ತಟ್ಟೆಗೆ ಹಾಕುವ ಮೊದಲು ಹಾಳೆಗಳನ್ನು ಬಿಡಿಸಿಕೊಳ್ಳುವುದು ಇದಕ್ಕೆ ಸರಳ ಪರಿಹಾರ.