ಹಾಲು ತಾನಾಗೇ ಯಾಕೆ ಒಡೆಯಲ್ಲ? (ಭಾಗ 4)

ಭೈರುಂಬೆಯಲ್ಲಿ ರಾತ್ರಿ ಹೆಪ್ಪು ಹಾಕಿದ್ರೆ ಬೆಳಗ್ಗೆ ಮೊಸರು, ಮಧ್ಯಾಹ್ನ ತಂಬ್ಳಿ. ನಿಮ್ಮ ಅಜ್ಜಿಗೆ ಇದೇನು ವಿಶೇಷ ಅಲ್ಲ. ವಿಜ್ಞಾನಿಗಳನ್ನ ಕಾಡಿದ ಪ್ರಶ್ನೆ ಬೇರೆ: ಹಾಲಿನ ಕೇಸಿನ್ ಪ್ರೋಟೀನಿಗೆ ಕ್ಯಾಲ್ಸಿಯಂ ಸೇರಿದ್ರೆ ಗರಣೆ ಕಟ್ಟಿ ತಳ ಸೇರಬೇಕು. ಹಾಲಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದೆ. ಮತ್ತೆ ಯಾಕೆ ಕೂರಲ್ಲ?

ಕೇಸಿನ್ ಒಂದೇ ವಸ್ತು ಅಲ್ಲ, ಉಳಿದದ್ದನ್ನ ಕಾಯೋ ಭಾಗವೂ ಅದರಲ್ಲಿದೆ ಅಂತ 1929ರಲ್ಲಿ ಡೆನ್ಮಾರ್ಕಿನ ಲಿಂಡರ್‌ಸ್ಟ್ರೋಮ್-ಲಾಂಗ್ ಅಂದರು. ಆ ಕಾವಲುಗಾರ ಸಿಕ್ಕಿದ್ದು 1956ರಲ್ಲಿ, ಅಮೆರಿಕದ ಡೇವಿಡ್ ವಾ ಮತ್ತು ಪೀಟರ್ ವಾನ್ ಹಿಪೆಲ್‌ಗೆ. ಹೆಸರು ಕಪ್ಪಾ-ಕೇಸಿನ್, 169 ಅಮೈನೋ ಆಮ್ಲಗಳ ಸರಪಳಿ. ಒಂದು ತುದಿಗೆ ನೀರು ಕಂಡರಾಗಲ್ಲ. ಇನ್ನೊಂದು ತುದಿಗೆ ನೀರೇ ಬೇಕು, ಅದರ ಮೇಲೆ ಋಣ ವಿದ್ಯುದಾವೇಶ ಬೇರೆ. ಲ್ಯಾಬಲ್ಲಿ ಇಂಥ ಎರಡು ಸ್ವಭಾವದ ಸರಪಳಿ ಮಾಡಿದ್ರೆ ಬ್ಲಾಕ್ ಕೋಪಾಲಿಮರ್ ಅಂತಾರೆ. ಇದು ಕೊಟ್ಟಿಗೆಯದ್ದು!

ಕೇಸಿನ್ ತಾನಾಗೇ ಸಣ್ಣ ಉಂಡೆ ಕಟ್ಟುತ್ತೆ. ಆವೇಶದ ತುದಿಗಳು ಹೊರಗೆ ಕೂದಲಿನ ಹಾಗೆ ನಿಲ್ತವೆ. ಎಲ್ಲದಕ್ಕೂ ಒಂದೇ ಆವೇಶ, ಹಾಗಾಗಿ ಉಂಡೆ ಉಂಡೆಯನ್ನ ದೂರ ತಳ್ಳುತ್ತೆ. ಹೆಪ್ಪಿನ ಬ್ಯಾಕ್ಟೀರಿಯಾ ಹುಳಿ ಮಾಡ್ತಾ ಪಿಎಚ್ 6.7ರಿಂದ 4.6ರ ಹತ್ರ ಇಳಿಸುತ್ತೆ. ಅಲ್ಲಿ ಕೇಸಿನ್‌ನ ಒಟ್ಟು ಆವೇಶ ಸೊನ್ನೆ. ಕೂದಲು ಮಲಗುತ್ತೆ, ಉಂಡೆಗಳು ಒಂದಕ್ಕೊಂದು ಅಂಟ್ತವೆ. ಮೊಸರು ರೆಡಿ.

ಮಳೆಗಾಲದ ಥಂಡಿಗೆ ಬ್ಯಾಕ್ಟೀರಿಯಾ ನಿಧಾನ. ಅದಕ್ಕೇ ಹೆಪ್ಪಿನ ಪಾತ್ರೆ ಒಲೆ ಪಕ್ಕ ಇಡೋದು.

ಗಿಣ್ಣಿನ ಕಥೆ ಭಾಗ 5ರಲ್ಲಿ.